ನಾಲ್ಕನೆಯ ಕರಡು

ಇವರಿಂದ: ನಾನು.
ಇವರಿಗೆ:
ಇಲ್ಲೇ ನಿಂತಿದ್ದೇನೆ ಮೂರು ವಾರದಿಂದ.

ಚಾಮರಾಜಪೇಟೆಯ ಮುದ್ರಣಾಲಯದಲ್ಲಿ
ಊರವರ ಕರಡು ತಿದ್ದುವವಳು ನಾನು.
ಗೃಹಪ್ರವೇಶದ ಕರೆಯೋಲೆ, ಸಹಕಾರ ಸಂಘದ ವರದಿ,
ತೀರಿಕೊಂಡವರ ಹೆಸರಿನ ತಪ್ಪಿದ ಒತ್ತಕ್ಷರ.
ನನ್ನದೇ ಒಂದು ಪುಟ ನೆಟ್ಟಗಾಗುತ್ತಿಲ್ಲ.

ಜಯನಗರದಲ್ಲಿ, ಕನ್ನಡಕದಂಗಡಿಯ ಮೇಲಿನ ಮಹಡಿ.
ಬಾಗಿಲ ಹೊರಗೆ ನೆಲದ ಮೇಲೊಂದು ಪುಟ್ಟ ಯಂತ್ರ
ಶ್ ಎನ್ನುತ್ತಲೇ ಇರುತ್ತಿತ್ತು,
ಒಳಗಿನ ಮಾತು ಕಾದು ಕೂತವರ ಕಿವಿಗೆ ಬೀಳದಿರಲೆಂದು.
ಅದನ್ನು ನೋಡಿಯೇ ನಂಬಿದೆ.
ಹದಿನಾಲ್ಕು ತಿಂಗಳು, ಪ್ರತಿ ಗುರುವಾರ, ಐದೂವರೆಗೆ.

ಯಂತ್ರ ತನ್ನ ಕೆಲಸ ಮಾಡಿತು.

ಅಣ್ಣನ ಮನೆಯಲ್ಲಿ, ಮಗುವಿನ ನಾಮಕರಣದ ಮಾರನೆಯ ದಿನ,
ಮಿಕ್ಕ ಹೋಳಿಗೆ ಬಿಸಿ ಮಾಡುತ್ತ ಅತ್ತಿಗೆ
ನನ್ನ ವಾಕ್ಯವೊಂದನ್ನು ನನಗೇ ಬಡಿಸಿದರು,
ಅಲ್ಪವಿರಾಮ ಸಮೇತ.
ಫೀಸು ಕಟ್ಟುತ್ತಿದ್ದವನು ಅಣ್ಣ.
"ಮೇಡಂ ಕಾಳಜಿಯಿಂದಲೇ ಫೋನ್ ಮಾಡಿದ್ದು,
ತಪ್ಪು ತಿಳೀಬೇಡ" ಅಂದ.

ಆ ವಾಕ್ಯ ಇಲ್ಲಿ ಬರೆಯುವುದಿಲ್ಲ.

ಮೊದಲ ಕರಡು:
"ನನ್ನಿಂದ ಹೇಳಲ್ಪಟ್ಟ ವಿಷಯವು ಅನ್ಯರಿಗೆ ತಿಳಿಸಲ್ಪಟ್ಟಿರುತ್ತದೆ."
ಓದಿದರೆ ಯಾರೂ ಏನೂ ಮಾಡಿದಂತಿಲ್ಲ.
ಶಾಲೆಯಲ್ಲಿ ಉರು ಹೊಡೆದ ಕರ್ಮಣಿ ಪ್ರಯೋಗ
ಇಂಥ ದಿನಕ್ಕೆಂದೇ ಕಾದಿತ್ತೇನೋ.

ಎರಡನೆಯದರಲ್ಲಿ ಪ್ರತಿ ಕ್ರಿಯಾಪದಕ್ಕೂ ಅವರೇ ಕರ್ತೃ.
ಕೇಳಿದರು. ಬರೆದುಕೊಂಡರು. ಹೇಳಿಬಿಟ್ಟರು.
ಎಲ್ಲ ನಿಜ. ಆದರೆ
ನಿದ್ದೆ ಕೊಟ್ಟರು ಎಂಬುದನ್ನು ಎಲ್ಲಿಡಲಿ?
"ಬೇಡ ಅನ್ನಿ. ಗಟ್ಟಿಯಾಗಿ ಅನ್ನಿ" ಎಂದು
ಆ ಕುರ್ಚಿಯಲ್ಲೇ ಅಭ್ಯಾಸ ಮಾಡಿಸಿದವರು.
ನಾನು ಪಿಸುಗುಟ್ಟಿದರೆ, "ಇನ್ನೊಮ್ಮೆ."

ಗಾಂಧಿನಗರದ ವಕೀಲ ತಿಪ್ಪೇರುದ್ರ
ಕನ್ನಡಕ ಹಣೆಗೇರಿಸಿ ಎಣಿಸಿದ ಬಾಗಿಲುಗಳನ್ನು:
"ನೋಂದಣಿ ಇದೆಯಾ ನೋಡಿ. ಇದ್ದರೆ ಮಂಡಳಿ.
ಇಲ್ಲದಿದ್ದರೆ ಗ್ರಾಹಕರ ಆಯೋಗ."
ಗ್ರಾಹಕಿ! ಸುಟ್ಟ ಮಿಕ್ಸಿ ಹಿಡಿದು ನಿಂತವರ ಸಾಲಿನಲ್ಲಿ
ನಾನೇನು ಹಿಡಿದು ನಿಲ್ಲಲಿ?
"ಆ ಮಾತು ಏನಿತ್ತು ಅಂತ ಬರೀಬೇಕಾಗುತ್ತೆ. ಮೂರು ಪ್ರತಿ."
ಒಮ್ಮೆ ಸೋರಿದ್ದನ್ನು ತೋರಿಸಲು
ಇನ್ನು ಮೂರು ಸಲ ಸೋರಿಸಬೇಕು, ಪುಟಪುಟಕ್ಕೂ ಸಹಿ ಹಾಕಿ.
ಮೂರನೆಯ ಕರಡು ಅಲ್ಲೇ ಮಡಚಿಟ್ಟೆ.

ಡಿಟಿಪಿಯ ನಫೀಸಾ ಕೇಳಿದಳು:
"ಬಿಟ್ಹಾಕು ಅನ್ನಲ್ಲ ಕಣೆ. ನಿಂಗೇನು ಬೇಕು?
ಬೋರ್ಡು ಇಳೀಬೇಕಾ, ಕ್ಷಮೆ ಕೇಳ್ಬೇಕಾ, ದುಡ್ಡಾ?"
ಟೀ ಮೇಲೆ ಕೆನೆ ಕಟ್ಟಿತು. ನನಗೆ ಮಾತು ಕಟ್ಟಲಿಲ್ಲ.

ನಿನ್ನೆ ಗುರುವಾರ. ಹಸಿರು ಮಾರ್ಗದ ಮೆಟ್ರೊ.
ಜಯನಗರ ಬಂದಾಗ ಕಾಲು ತಾನೇ ಎದ್ದಿತು. ಕೂರಿಸಿದೆ.
ಗಂಟೆ ನೋಡಿದೆ.
ನನ್ನ ಐದೂವರೆಯಲ್ಲಿ ಈಗ ಯಾರೋ ಕೂತಿರುತ್ತಾರೆ.
ಹೊರಗೆ ಯಂತ್ರ ಶ್ ಎನ್ನುತ್ತಿರುತ್ತದೆ.
ಅವರ ಫೀಸು ಯಾರು ಕಟ್ಟುತ್ತಾರೆ?

ರಾತ್ರಿ ಬರೆದದ್ದು ನಾಲ್ಕೇ ಸಾಲು, ನೇರ ಅವರ ಹೆಸರಿಗೆ.
ನನ್ನ ಕಡತದ ಪ್ರತಿ ಕೊಡಿ.
ನಿಮ್ಮ ನೋಂದಣಿ ಸಂಖ್ಯೆ ತಿಳಿಸಿ.
ಯಾರಿಗೆ, ಯಾವತ್ತು, ಏನು ಹೇಳಿದಿರಿ, ನೀವೇ ಬರೆದುಕೊಡಿ.
ಹದಿನೈದು ದಿನ ಕಾಯುತ್ತೇನೆ; ಆಮೇಲೆ ಮಂಡಳಿಗೆ ಹೋಗುತ್ತೇನೆ.

ಆ ವಾಕ್ಯ ಈ ಸಲ ಅವರ ಕೈಬರಹದಲ್ಲಿ ಬರಲಿ.

ಅಂಚೆ ಕಚೇರಿಯ ಕಿಂಡಿಯಲ್ಲಿ,
"ರಿಜಿಸ್ಟರ್ಡ್ ಈಗಿಲ್ಲಮ್ಮ, ಸ್ಪೀಡ್ ಪೋಸ್ಟೇ.
ಫೋನ್ ನಂಬರ್ ಹಾಕಿ, ಇಬ್ಬರದೂ."
ಅವರದನ್ನು ಎಂದೋ ಅಳಿಸಿದ್ದೆ.
ಕೈ ಬರೆಯಿತು, ಹತ್ತಕ್ಕೆ ಹತ್ತೂ ಅಂಕಿ.

ಕವರು ಆಚೆ ಹೋದ ಮೇಲೆ ಹೊಳೆಯಿತು:
'ವಿಷಯ' ಎಂದು ಬರೆದು, ಎರಡು ಚುಕ್ಕೆ ಇಟ್ಟು,
ಮುಂದೆ ಏನೂ ತುಂಬಿಲ್ಲ.